ಬೆಲ್ಟ್ ಬಿಚ್ಚಿಟ್ಟ ಮೇಲೆ

ಮಿಶ್ರ ಸಮರಕಲೆಯ ಪಂದ್ಯಾವಳಿಯಾದ ಯುಎಫ್‌ಸಿಯ ಎಂಟು ಮೂಲೆಯ ಪಂಜರದೊಳಗೆ ಕಾಲಿಡುವ ಹೋರಾಟಗಾರನ ಮೈಮೇಲೆ ಹೆಚ್ಚೇನೂ ಇರುವುದಿಲ್ಲ. ಒಂದು ಚಡ್ಡಿ, ನಾಲ್ಕು ಔನ್ಸಿನ ತೆಳು ಗ್ಲೌಸು, ಹಲ್ಲು ಕಾಯಲು ಬಾಯೊಳಗೊಂದು ಗಾರ್ಡು. ಹತ್ತು ವರ್ಷ ಬೆವರು ಸುರಿಸಿ ಸಂಪಾದಿಸಿದ ಜಿಯು ಜಿತ್ಸು ಕರಿ ಬೆಲ್ಟ್ ಇದ್ದರೂ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಒಳಗೆ ಹೋಗುವಂತಿಲ್ಲ. ವೀಕ್ಷಕ ವಿವರಣೆ ಕೊಡುವವರು ಮಾತ್ರ ಅದನ್ನು ನೆನಪಿಸುತ್ತಾರೆ: ಇವರದು ಕರಿ ಬೆಲ್ಟ್, ಅವರದು ನೇರಳೆ. ಆ ಮಾತು ಮುಗಿಯುವಷ್ಟರಲ್ಲಿ ಮೊದಲ ಗುದ್ದು ಬಿದ್ದಿರುತ್ತದೆ. ಹಾಗಾದರೆ ಮಿಶ್ರ ಸಮರಕಲೆಯ ಕಣದಲ್ಲಿ ಆ ಬೆಲ್ಟಿಗೆ ಬೆಲೆ ಇದೆಯೇ?

ಇದನ್ನು ಕ್ರೀಡಾಪ್ರಿಯರ ಹೊತ್ತು ಕಳೆಯುವ ಮಾತು ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಕಲಿತದ್ದಕ್ಕೆ ಸಿಕ್ಕ ಮನ್ನಣೆಗೂ ಕಲಿತದ್ದು ಕೈಹಿಡಿಯಬೇಕಾದ ಗಳಿಗೆಗೂ ನಡುವೆ ಒಂದು ಅಂತರ ಎಲ್ಲ ಕಸುಬಿನಲ್ಲೂ ಇದ್ದೇ ಇದೆ. ಬೇರೆ ಕಡೆ ಅದನ್ನು ವರ್ಷಗಟ್ಟಲೆ ಮುಚ್ಚಿಡಬಹುದು. ಪಂಜರದಲ್ಲಿ ಐದು ನಿಮಿಷದ ಒಂದು ಸುತ್ತಿನೊಳಗೆ ಎಲ್ಲ ಬಯಲಾಗುತ್ತದೆ. ಆದ್ದರಿಂದಲೇ ಈ ಆಟವನ್ನು ನೋಡುವಾಗ ನನಗೆ ಗೆಲುವು ಸೋಲಿಗಿಂತ ಹೆಚ್ಚಾಗಿ ಈ ಅಂತರ ಕಾಡುತ್ತದೆ.

ಬೆಲ್ಟಿನ ಪರವಾಗಿ ಹೇಳಬೇಕಾದ್ದನ್ನು ಮೊದಲೇ ಹೇಳುತ್ತೇನೆ. ಸಮರಕಲೆಯಲ್ಲಿ ಕರಿ ಬೆಲ್ಟನ್ನು ದರ್ಜೆಯ ಗುರುತಾಗಿ ತಂದವರು ಜಪಾನಿನಲ್ಲಿ ಜೂಡೊ ಕಟ್ಟಿದ ಜಿಗೊರೊ ಕಾನೊ. ಅದು 1880ರ ದಶಕದ ಮಾತು. ಅವರ ಶಾಲೆಯಲ್ಲಿ ಪಳಗಿದ ಮಿತ್ಸುಯೊ ಮಾಯೆದಾ 1914ರಲ್ಲಿ ಬ್ರೆಜಿಲಿಗೆ ಹೋದರು. ಅವರಿಂದ ಕಾರ್ಲೋಸ್ ಗ್ರೇಸಿ ಕಲಿತರು. ಕಾರ್ಲೋಸರ ತಮ್ಮ ಎಲಿಯೊ ಮತ್ತು ಇಡೀ ಮನೆತನ ಸೇರಿ ಅದನ್ನು ನೆಲದ ಮೇಲಿನ ಪಟ್ಟುಗಳ ವಿದ್ಯೆಯಾಗಿ ಬೆಳೆಸಿತು. ಅದೇ ಈ ಜಿಯು ಜಿತ್ಸು. ಇವತ್ತು ಅದರಲ್ಲಿ ದೊಡ್ಡವರಿಗೆ ಬಿಳಿಯಿಂದ ಕಪ್ಪಿನವರೆಗೆ ಐದು ಬಣ್ಣ. ಅಂತರರಾಷ್ಟ್ರೀಯ ಒಕ್ಕೂಟದ ನಿಯಮದ ಪ್ರಕಾರ ನೀಲಿಯಲ್ಲಿ 2 ವರ್ಷ, ನೇರಳೆಯಲ್ಲಿ ಒಂದೂವರೆ ವರ್ಷ, ಕಂದು ಬಣ್ಣದಲ್ಲಿ 1 ವರ್ಷ ಕಳೆಯಬೇಕು. ಇದು ಕನಿಷ್ಠ ಲೆಕ್ಕ. ಹೆಚ್ಚಿನವರಿಗೆ ಕಪ್ಪು ಸಿಗುವ ಹೊತ್ತಿಗೆ ಹತ್ತು ವರ್ಷ ಕಳೆದಿರುತ್ತದೆ. ಅಲ್ಲಿಂದ ಕೆಂಪು ಬೆಲ್ಟಿಗೆ ಇನ್ನೂ 48 ವರ್ಷ.

ವರ್ಷಗಳಿಗಿಂತ ದೊಡ್ಡದು ಆ ವರ್ಷಗಳು ಕಳೆಯುವ ರೀತಿ. ಇಲ್ಲಿ ಗಾಳಿಗೆ ಕೈಕಾಲು ಬೀಸಿ ತೋರಿಸಿ ದರ್ಜೆ ಗಿಟ್ಟಿಸಲಾಗದು. ಪಾಠ ಮುಗಿದ ಮೇಲೆ ಜೋಡಿ ಜೋಡಿಯಾಗಿ ನಿಜವಾಗಿಯೇ ಸೆಣಸುತ್ತಾರೆ. ಅದಕ್ಕೆ ‘ರೋಲ್’ ಎನ್ನುತ್ತಾರೆ. ಎದುರಿನವರು ಸುಮ್ಮನೆ ಮೈಕೊಡುವುದಿಲ್ಲ. ಕತ್ತು ಬಿಗಿಯಾಗಿ ಕಣ್ಣು ಕತ್ತಲಿಡುವ ಮೊದಲು, ಮೊಣಕೈ ಹಿಂದಕ್ಕೆ ಬಾಗಿ ನೋವು ಸುಳಿಯುವ ಮೊದಲು, ಅವರ ಮೈಮೇಲೋ ಮ್ಯಾಟಿನ ಮೇಲೋ ಕೈಯಿಂದ ತಟ್ಟಬೇಕು. ತಟ್ಟಿದರೆ ಸೋತೆ ಎಂದು ಒಪ್ಪಿದ ಹಾಗೆ. ಹಿಡಿದವರು ಆ ಕ್ಷಣವೇ ಬಿಡುತ್ತಾರೆ. ಕೈ ಕುಲುಕಿ ಮತ್ತೆ ಶುರು. ಕರಿ ಬೆಲ್ಟ್ ಕಟ್ಟಿದವರೆಂದರೆ ಹೀಗೆ ಸಾವಿರಾರು ಸಲ ತಟ್ಟಿದವರು, ತಮಗಿಂತ ಹಗುರಾದವರ ಕೈಯಲ್ಲೂ ಕಿರಿಯರ ಕೈಯಲ್ಲೂ ಸಿಕ್ಕಿಬಿದ್ದು ಮರುದಿನ ಮತ್ತೆ ಬಂದವರು. ಇಷ್ಟು ಸೋಲನ್ನು ಅರಗಿಸಿಕೊಂಡು ಬಂದ ಗುರುತನ್ನು ಹಗುರಾಗಿ ಕಾಣುವುದು ತಪ್ಪು.

1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್ ನಗರದಲ್ಲಿ ಮೊದಲ ಯುಎಫ್‌ಸಿ ನಡೆದಾಗ, ಈ ವಿದ್ಯೆಯ ಬೆಲೆ ಎಷ್ಟೆಂಬುದು ಒಂದೇ ರಾತ್ರಿಯಲ್ಲಿ ತೀರ್ಮಾನವಾಯಿತೆಂದು ಜನ ನಂಬಿದರು. ಉಡುಪಿನ ನಿರ್ಬಂಧ ಆಗ ಇರಲಿಲ್ಲ. ಎಲಿಯೊ ಅವರ ಮಗ ರಾಯ್ಸ್ ಗ್ರೇಸಿ ತಮ್ಮ ಶಾಲೆಯ ಬಿಳಿ ಉಡುಪಿನಲ್ಲೇ ಬಂದರು. ಸಪೂರ ಮೈಕಟ್ಟಿನ ಅವರು ಒಬ್ಬ ಬಾಕ್ಸರನ್ನು, ಒಬ್ಬ ಕುಸ್ತಿಪಟುವನ್ನು, ಒಬ್ಬ ಒದೆತದ ಪಟುವನ್ನು ಸಾಲಾಗಿ ಸೋಲಿಸಿದರು. ಮೂರೂ ಸೆಣಸಾಟ ಸೇರಿಸಿದರೆ ಸುಮಾರು ಐದು ನಿಮಿಷ. ಅಂದಿನಿಂದ ಜಗತ್ತಿನ ಮೂಲೆಮೂಲೆಯಲ್ಲಿ ಜಿಯು ಜಿತ್ಸು ಶಾಲೆಗಳು ತೆರೆದವು. ಬೆಂಗಳೂರಿನಲ್ಲೂ ಈಗ ಅಂಥ ಶಾಲೆಗಳಿವೆ; ಹುಡುಗ ಹುಡುಗಿಯರು ಬಿಳಿ ಬೆಲ್ಟ್ ಕಟ್ಟಿಕೊಂಡು ಮ್ಯಾಟಿಗಿಳಿಯುತ್ತಿದ್ದಾರೆ.

ಆದರೆ ಅಂದು ರಾಯ್ಸ್ ಗೆದ್ದದ್ದು, ನೆಲಕ್ಕೆ ಬಿದ್ದ ಮೇಲೆ ಏನು ಮಾಡಬೇಕೆಂಬುದು ಅವರಿಗೆ ಗೊತ್ತಿದ್ದಷ್ಟು ಎದುರಿನವರಿಗೆ ಗೊತ್ತಿರಲಿಲ್ಲ ಎಂಬ ಕಾರಣಕ್ಕೆ. ಗೊತ್ತಿಲ್ಲದವರು ಕಲಿಯತೊಡಗಿದರು. 2000ದ ಮೇ 1ರಂದು ಟೋಕಿಯೊ ಡೋಮ್‌ನಲ್ಲಿ ಕಝುಶಿ ಸಕುರಾಬಾ ಅದೇ ರಾಯ್ಸ್ ಎದುರು ನಿಂತರು. ಸಕುರಾಬಾ ಜಪಾನಿನ ವೃತ್ತಿ ಕುಸ್ತಿಯ ಮನುಷ್ಯ. ಜಿಯು ಜಿತ್ಸುವಿನ ಬೆಲ್ಟ್ ಇಲ್ಲ. ಸುತ್ತುಗಳಿಗೆ ಮಿತಿ ಇರಬಾರದೆಂದು ಗ್ರೇಸಿಗಳೇ ಷರತ್ತು ಹಾಕಿದ್ದರು. ಹದಿನೈದು ನಿಮಿಷದ ಆರು ಸುತ್ತು, ಅಂದರೆ 90 ನಿಮಿಷ ಕಳೆದ ಮೇಲೆ ರಾಯ್ಸ್ ಕಡೆಯವರು ಟವೆಲ್ ಎಸೆದರು. ಹಿಂದೆ ಅವರಿಗೆ ಆಯುಧವಾಗಿದ್ದ ಬಿಳಿ ಅಂಗಿಯೇ ಆ ರಾತ್ರಿ ತೊಡಕಾಯಿತು. ಸಕುರಾಬಾ ಅದನ್ನೇ ಹಿಡಿದು ಅವರನ್ನು ಎಳೆದಾಡಿದರು.

ಆಮೇಲೆ ಇಂಥ ಉದಾಹರಣೆಗಳು ಬೆಳೆಯುತ್ತಲೇ ಹೋದವು. ದಾಗೆಸ್ತಾನದ ಖಬೀಬ್ ನುರ್ಮಗೊಮೆದೊವ್ ಬೆಳೆದದ್ದು ತಂದೆಯ ಕೈಕೆಳಗೆ, ಕುಸ್ತಿಯನ್ನೂ ಸಾಂಬೊ ಎಂಬ ಸಮರಕಲೆಯನ್ನೂ ಕಲಿತು. ಸಾಂಬೊದಲ್ಲಿ ಕೆಂಪು, ನೀಲಿ ಎಂದು ಎರಡು ಬಣ್ಣದ ಉಡುಪು ಇವೆ. ಯಾರು ಯಾವ ಮೂಲೆಯವರೆಂದು ತೀರ್ಪುಗಾರರಿಗೆ ತಿಳಿಯಲಿ ಎಂದಷ್ಟೇ ಆ ಬಣ್ಣ, ದರ್ಜೆ ತೋರಿಸಲು ಅಲ್ಲ. ಖಬೀಬ್ 2019ರ ಸೆಪ್ಟೆಂಬರಿನಲ್ಲಿ ಅಬುಧಾಬಿಯಲ್ಲಿ ಕರಿ ಬೆಲ್ಟಿನ ಡಸ್ಟಿನ್ ಪೊರಿಯೆರನ್ನು ಹಿಂದಿನಿಂದ ಕತ್ತು ಬಿಗಿದು ಸೋಲಿಸಿದರು. ಮರುವರ್ಷ ಜಸ್ಟಿನ್ ಗೇತ್ಜಿಯನ್ನು ಕಾಲುಗಳ ತ್ರಿಕೋನದಲ್ಲಿ ಸಿಲುಕಿಸಿ ಸೋಲಿಸಿದರು. ಆ ತ್ರಿಕೋನ ಪಟ್ಟು ಜಿಯು ಜಿತ್ಸು ಶಾಲೆಗಳ ಹೆಗ್ಗುರುತು. ಅಲ್ಲಿಗೆ 29 ಸೆಣಸಾಟ, 29 ಗೆಲುವು, ಖಬೀಬ್ ನಿವೃತ್ತರಾದರು.

ಇನ್ನೊಂದು ಸೆಣಸಾಟವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. 2012ರ ಸೆಪ್ಟೆಂಬರ್, ಟೊರೊಂಟೊ. ಚಾಂಪಿಯನ್ ಜಾನ್ ಜೋನ್ಸ್ ಕರಿ ಬೆಲ್ಟಿನವರಲ್ಲ, ಅವರ ಬೇರು ಕುಸ್ತಿಯಲ್ಲಿತ್ತು. ಎದುರಿಗಿದ್ದ ವಿಟರ್ ಬೆಲ್ಫೋರ್ಟ್ ಕಾರ್ಲ್‌ಸನ್ ಗ್ರೇಸಿಯವರ ಶಿಷ್ಯ, ಕರಿ ಬೆಲ್ಟ್. ಮೊದಲ ಸುತ್ತಿನಲ್ಲೇ, ಕೆಳಗೆ ಬೆನ್ನ ಮೇಲೆ ಮಲಗಿದ್ದ ಬೆಲ್ಫೋರ್ಟ್ ಮೇಲಿದ್ದ ಜೋನ್ಸರ ತೋಳನ್ನು ಸಿಕ್ಕಿಸಿಕೊಂಡು, ಕಾಲುಗಳನ್ನು ಅವರ ಮುಖದ ಆಚೆಗೆ ಚಾಚಿ, ಸೊಂಟ ಎತ್ತಿ ಮೊಣಕೈಯನ್ನು ಹಿಂದಕ್ಕೆ ಬಗ್ಗಿಸಿದರು. ವಿದ್ಯೆಯಲ್ಲಿ ಲೋಪವಿರಲಿಲ್ಲ, ಶಾಲೆಯ ಪಾಠದಂತೆಯೇ ನಡೆದ ಪಟ್ಟು. ಜೋನ್ಸರ ಕೈಗೆ ಪೆಟ್ಟಾಯಿತು, ಆದರೂ ತಟ್ಟಲಿಲ್ಲ, ಹೇಗೋ ಬಿಡಿಸಿಕೊಂಡರು. ನಾಲ್ಕನೇ ಸುತ್ತಿನಲ್ಲಿ ಅವರೇ ಬೆಲ್ಫೋರ್ಟ್ ತೋಳನ್ನು ನೆಲಕ್ಕೊತ್ತಿ ತಿರುಚಿ ಗೆದ್ದರು. ಕರಿ ಬೆಲ್ಟಿನ ಪಟ್ಟು ನಿಜವಾಗಿಯೂ ಬಿದ್ದಿತ್ತು. ಗೆಲುವು ಮಾತ್ರ ಬೆಲ್ಟ್ ಇಲ್ಲದವರದಾಯಿತು.

ಯಾಕೆ ಹೀಗೆ? ಪಂಜರ ಕೇಳುವ ಪ್ರಶ್ನೆಯೇ ಬೇರೆ. ಜಿಯು ಜಿತ್ಸು ಸ್ಪರ್ಧೆಯಲ್ಲಿ ಬೆನ್ನ ಮೇಲೆ ಮಲಗಿ ಕಾಲುಗಳಿಂದ ಎದುರಾಳಿಯನ್ನು ಹಿಡಿದಿಟ್ಟುಕೊಳ್ಳುವುದು ಗೌರವದ ಸ್ಥಾನ. ಅಲ್ಲಿಂದ ಹತ್ತಾರು ಪಟ್ಟು ಹುಟ್ಟುತ್ತವೆ. ಪಂಜರದಲ್ಲಿ ಅದೇ ಸ್ಥಾನದಲ್ಲಿ ಮುಖಕ್ಕೆ ಮೊಣಕೈ ಬೀಳುತ್ತದೆ. ಅಂಗಿಯ ಕಾಲರು, ತೋಳು ಹಿಡಿದು ಕಲಿತ ಬೆರಳುಗಳಿಗೆ ಬೆವರಿಂದ ಜಾರುವ ಬರಿ ಮೈ ಸಿಗುತ್ತದೆ. ಬೆನ್ನಿಗೆ ಬೇಲಿ ಕೊಟ್ಟು ಎದ್ದು ನಿಲ್ಲುವ ಉಪಾಯ ಎದುರಾಳಿಗೆ ಗೊತ್ತಿರುತ್ತದೆ. ಕರಿ ಬೆಲ್ಟಿನವರಿಗೆ ಒಂದು ಗುದ್ದು ಬಿದ್ದರೆ ಅವರು ಕಂದು ಬೆಲ್ಟ್, ಇನ್ನೊಂದು ಬಿದ್ದರೆ ನೇರಳೆ ಎಂಬ ಮಾತು ಕಾರ್ಲ್‌ಸನ್ ಗ್ರೇಸಿಯವರ ಹೆಸರಿನಲ್ಲಿ ಶಾಲೆಗಳಲ್ಲಿ ಓಡಾಡುತ್ತದೆ. ವಿದ್ಯೆ ಗೊತ್ತಿರುವುದು ಒಂದು, ನೋವಿನಲ್ಲೂ ಅದು ನೆನಪಾಗುವುದು ಇನ್ನೊಂದು ಎಂದು ಇದರ ಸಾರ.

ಕರಿ ಬೆಲ್ಟಿನ ಡೆಮಿಯನ್ ಮಾಯಾ ಅವರ ಬದುಕಿನಲ್ಲಿ ಈ ಎರಡೂ ಮುಖ ಕಾಣುತ್ತವೆ. 2016ರ ಆಗಸ್ಟಿನಲ್ಲಿ ವ್ಯಾಂಕೂವರಿನಲ್ಲಿ ಅವರು ಕಾರ್ಲೋಸ್ ಕಾಂಡಿಟ್‌ರನ್ನು ನೆಲಕ್ಕೆ ತಂದು, ಬೆನ್ನೇರಿ, ಎರಡು ನಿಮಿಷ ತುಂಬುವ ಮೊದಲೇ ಕತ್ತು ಬಿಗಿದು ಸೋಲಿಸಿದರು. ಕಾಂಡಿಟ್ ಸಾಮಾನ್ಯರಲ್ಲ, ಆ ತೂಕದಲ್ಲಿ ಹಂಗಾಮಿ ಚಾಂಪಿಯನ್ ಆಗಿದ್ದವರು. ಗುದ್ದಾಟದ ಕಣದಲ್ಲಿ ಹೆಚ್ಚುಕಡಿಮೆ ಗುದ್ದದೇ ಗೆದ್ದ ಆಟ ಅದು. ಮರುವರ್ಷ ಚಾಂಪಿಯನ್ ಪಟ್ಟಕ್ಕಾಗಿ ಟೈರನ್ ವುಡ್ಲಿ ಎದುರಾದಾಗ ಅದೇ ಮಾಯಾ ಐದು ಸುತ್ತಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ಕಾಲಿಗೆ ಕೈಹಾಕಿ ಕೆಡವಲು ಹೋದರು. ಒಂದು ಸಲವೂ ಆಗಲಿಲ್ಲ. ಒಂದು ವರ್ಷದೊಳಗೆ ಅವರ ಬೆಲ್ಟ್ ಬಣ್ಣಗೆಡಲಿಲ್ಲ. ಕಾಂಡಿಟ್ ಎದುರು ಆ ವಿದ್ಯೆಗೆ ನೆಲ ಸಿಕ್ಕಿತು, ವುಡ್ಲಿ ಎದುರು ಸಿಗಲಿಲ್ಲ. ನೆಲ ಮುಟ್ಟಿಸುವ ಬಲವಿಲ್ಲದಿದ್ದರೆ ನೆಲದ ಮೇಲಿನ ಪಾಂಡಿತ್ಯ ಎಷ್ಟಿದ್ದರೂ ಅದು ಕಾದು ಕೂರಬೇಕು.

ಇಷ್ಟನ್ನೆಲ್ಲ ಕಂಡ ಮೇಲೆ ನಾವು ಎರಡು ತಪ್ಪುಗಳಲ್ಲಿ ಒಂದನ್ನು ಮಾಡುತ್ತೇವೆ. ಬೆಲ್ಟ್ ಇದೆ ಎಂದರೆ ಸಾಮರ್ಥ್ಯವೂ ಇದೆ ಎಂದು ಕಣ್ಣುಮುಚ್ಚಿ ನಂಬುವುದು ಒಂದು. ಬೆಲ್ಟಿನವರು ಒಮ್ಮೆ ಸೋತದ್ದನ್ನು ಕಂಡು, ಅದೆಲ್ಲ ಬರೀ ಬಟ್ಟೆಯ ಪಟ್ಟಿ, ಗೆದ್ದವರೇ ನಿಜವಾದ ಗುರು ಎಂದು ಕೈಕೊಡವಿಕೊಳ್ಳುವುದು ಇನ್ನೊಂದು. ಮೊದಲನೆಯದು ನೋಡುವ ಶ್ರಮ ತಪ್ಪಿಸುತ್ತದೆ, ಎರಡನೆಯದು ಗೌರವಿಸುವ ಶ್ರಮ ತಪ್ಪಿಸುತ್ತದೆ. ನನಗೆ ಎರಡನೆಯದೇ ಈ ಕಾಲದ ಹೆಚ್ಚಿನ ಅಪಾಯ ಅನ್ನಿಸುತ್ತದೆ. ಗೆದ್ದದ್ದೊಂದೇ ಸತ್ಯ ಎಂದು ಹೊರಟರೆ, ಸೋಲುತ್ತಾ ಕಲಿಯುವ ಹತ್ತು ವರ್ಷಗಳಿಗೆ ಅರ್ಥವೇ ಉಳಿಯುವುದಿಲ್ಲ.

ಬೆಲ್ಟ್ ನಿಜವಾಗಿ ಏನು ಹೇಳುತ್ತದೆ ಎಂಬುದಕ್ಕೆ ಎಡ್ಡಿ ಬ್ರಾವೊ ಅವರ ಪ್ರಸಂಗ ನೋಡಬೇಕು. 2003ರಲ್ಲಿ ಸಾವ್ ಪಾಲೊದಲ್ಲಿ ಎಡಿಸಿಸಿ ಪಂದ್ಯಾವಳಿ ನಡೆಯಿತು. ಗುದ್ದಾಟವಿಲ್ಲದ, ಅಂಗಿಯೂ ಬೇಡದ ಪಟ್ಟುಗಳ ಸ್ಪರ್ಧೆ. ಅಲ್ಲಿ ಅದುವರೆಗೆ ಮೂರು ಸಲ ಗೆದ್ದಿದ್ದ ರಾಯ್ಲರ್ ಗ್ರೇಸಿಯನ್ನು ಕಂದು ಬೆಲ್ಟಿನ ಬ್ರಾವೊ ತ್ರಿಕೋನ ಪಟ್ಟು ಹಾಕಿ ತಟ್ಟಿಸಿಬಿಟ್ಟರು. ಮುಂದಿನ ಸುತ್ತಿನಲ್ಲಿ ಬ್ರಾವೊ ಸೋತರು, ಚಾಂಪಿಯನ್ ಆಗಲಿಲ್ಲ. ಊರಿಗೆ ಮರಳಿದಾಗ ಗುರು ಜ್ಯಾಂ ಜಾಕ್ ಮಚಾಡೊ ಅವರಿಗೆ ಕರಿ ಬೆಲ್ಟ್ ಕೊಟ್ಟರು. ಅದು ಸ್ವತಃ ಮಚಾಡೊ ಕಟ್ಟುತ್ತಿದ್ದ ಬೆಲ್ಟ್. ಮಚಾಡೊ ಅವರ ಎಡಗೈಯಲ್ಲಿ ಹುಟ್ಟಿನಿಂದಲೇ ಹೆಬ್ಬೆರಳು, ಕಿರುಬೆರಳು ಬಿಟ್ಟರೆ ಬೇರೆ ಬೆರಳಿಲ್ಲ. ಅಂಗಿಯನ್ನು ಬಿಗಿಹಿಡಿಯಲಾರದ ಆ ಕೈಯಿಂದಾಗಿ ಅವರು ತೋಳಿನಿಂದ ಮೈಯನ್ನೇ ತಬ್ಬಿ ಹಿಡಿಯುವ ಆಟ ಕಟ್ಟಿಕೊಂಡಿದ್ದರು. ಅಂಗಿ ಇಲ್ಲದೆಯೂ ನಡೆಯುವ ಬ್ರಾವೊ ಆಟ ಬೆಳೆದದ್ದು ಅದನ್ನು ನೋಡಿ. ಆ ಬೆಲ್ಟ್ ಬ್ರಾವೊಗೆ ಹೊಸ ಶಕ್ತಿ ಕೊಡಲಿಲ್ಲ. ಕಂದು ಬೆಲ್ಟಿದ್ದಾಗಲೇ ಅವರು ಮಾಡಬೇಕಾದ್ದನ್ನು ಮಾಡಿಯಾಗಿತ್ತು. ಈತ ಕಲಿತದ್ದನ್ನು ನಾನು ಹತ್ತಿರದಿಂದ ಕಂಡಿದ್ದೇನೆ, ಇದಕ್ಕೆ ನಾನು ಸಾಕ್ಷಿ ಎಂದು ಒಬ್ಬ ಗುರು ನಾಲ್ಕು ಜನರೆದುರು ಹೇಳಿದ ಮಾತು ಅದು. ಸಾಕ್ಷಿ ನುಡಿಯುವವರು ನಾಳೆಯ ಗೆಲುವಿಗೆ ಜಾಮೀನು ನಿಲ್ಲುವುದಿಲ್ಲ. ಕಂಡದ್ದನ್ನು ಹೇಳುತ್ತಾರೆ, ಅಷ್ಟೇ. ಅಷ್ಟು ಸಾಲದೇ?

ಸಾಕ್ಷಿಯನ್ನು ಜಾಮೀನೆಂದು ತಿಳಿದಾಗಲೇ ಬೆಲ್ಟ್ ಕಟ್ಟಿದವರ ಕಷ್ಟ ಶುರುವಾಗುತ್ತದೆ. ಸಾವಿರಾರು ಸಲ ತಟ್ಟಿ ಬೆಲ್ಟ್ ಗಳಿಸಿದ ಕೈಗೆ, ಬೆಲ್ಟ್ ಬಂದ ಮೇಲೆ ತಟ್ಟುವುದೇ ಕಷ್ಟವಾಗುತ್ತದೆ. 2006ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹೋರಾಟಗಾರ ಮ್ಯಾಟ್ ಹ್ಯೂಸ್, ರಾಯ್ಸ್ ಗ್ರೇಸಿಯ ತೋಳನ್ನು ನೆಟ್ಟಗೆ ಚಾಚಿ ಹಿಡಿದರು. ರಾಯ್ಸ್ ತಟ್ಟಲಿಲ್ಲ. ಹ್ಯೂಸ್ ಆ ಪಟ್ಟು ಬಿಟ್ಟು, ಬೆನ್ನೇರಿ ಗುದ್ದತೊಡಗಿದಾಗ ರೆಫ್ರಿಯೇ ತಡೆಯಬೇಕಾಯಿತು. ಅದಕ್ಕೂ ಮೊದಲು, 2000ದ ಆಗಸ್ಟಿನಲ್ಲಿ, ಸಕುರಾಬಾ ರೆಂಜೊ ಗ್ರೇಸಿಯ ತೋಳು ತಿರುಚಿದಾಗ ಕೀಲು ಕಳಚಿತು. ರೆಂಜೊ ಕೂಡ ತಟ್ಟಲಿಲ್ಲ. ಇದನ್ನು ಕೆಚ್ಚು ಎನ್ನುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಜೋನ್ಸ್ ತಟ್ಟದೇ ಇದ್ದದ್ದರಿಂದಲೇ ಗೆದ್ದರಲ್ಲ! ಆದರೆ ಬಿಡಿಸಿಕೊಳ್ಳುವ ದಾರಿ ಹುಡುಕುತ್ತಾ ನೋವು ತಡೆಯುವುದು ಬೇರೆ, ಇಂಥ ಹೆಸರಿನವನು ಸೋಲೊಪ್ಪಬಾರದು ಎಂದು ನೋವು ತಡೆಯುವುದು ಬೇರೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಒಳಗಿದ್ದವರಿಗೆ ಮಾತ್ರ ವ್ಯತ್ಯಾಸ ಗೊತ್ತು.

ಇಲ್ಲಿ ರೆಂಜೊ ನನಗೆ ದೊಡ್ಡವರಾಗಿ ಕಾಣುತ್ತಾರೆ. ಒಂದು ತೋಳು ಜೋತುಬಿದ್ದಿದ್ದರೂ ಮೈಕ್ ಹಿಡಿದು, ನೆಪ ಹೇಳದೆ, ಆ ರಾತ್ರಿ ಎದುರಾಳಿ ತನಗಿಂತ ಮೇಲಿದ್ದರು ಎಂದು ಒಪ್ಪಿಕೊಂಡರು. ಕೈ ಮಾಡದ ಕೆಲಸವನ್ನು ಬಾಯಿ ಮಾಡಿತು.

ಈ ದೊಡ್ಡತನ ಆ ಮನೆತನದಲ್ಲಿ ಎರಡು ತಲೆಮಾರು ಹಿಂದೆಯೇ ಇತ್ತು. 1951ರ ಅಕ್ಟೋಬರಿನಲ್ಲಿ ರಿಯೊದ ಮರಕಾನ ಕ್ರೀಡಾಂಗಣದಲ್ಲಿ 38ರ ಎಲಿಯೊ ಗ್ರೇಸಿ, ಜಪಾನಿನ ಜೂಡೊ ಪಟು ಮಸಾಹಿಕೊ ಕಿಮುರಾ ಎದುರು ಇಳಿದರು. ಕಿಮುರಾ ತೂಕದಲ್ಲೂ ಬಲದಲ್ಲೂ ಮೇಲು. ಎರಡನೇ ಸುತ್ತಿನಲ್ಲಿ ಅವರು ಎಲಿಯೊ ಅವರ ತೋಳನ್ನು ಬೆನ್ನ ಹಿಂದಕ್ಕೆ ತಿರುಚಿದರು. ಎಲಿಯೊ ತಟ್ಟಲಿಲ್ಲ; ಅಣ್ಣ ಕಾರ್ಲೋಸ್ ಟವೆಲ್ ಎಸೆದು ನಿಲ್ಲಿಸಿದರು. ಸೋತವರು ಮುಂದೆ ಮಾಡಿದ್ದೇನು? ತಮ್ಮ ಹಿರಿಯನ ತೋಳು ತಿರುಚಿದ ಆ ಪಟ್ಟಿಗೆ ಗೆದ್ದವರ ಹೆಸರನ್ನೇ ಇಟ್ಟರು. ಇವತ್ತಿಗೂ ಜಗತ್ತಿನ ಜಿಯು ಜಿತ್ಸು ಶಾಲೆಗಳಲ್ಲಿ ಬಿಳಿ ಬೆಲ್ಟಿನವರಿಗೆ ಅದನ್ನು ‘ಕಿಮುರಾ’ ಎಂದೇ ಹೇಳಿಕೊಡುತ್ತಾರೆ. ಅರ್ಧ ಶತಮಾನದ ಬಳಿಕ ರೆಂಜೊ ತೋಳು ಸಿಕ್ಕಿಬಿದ್ದದ್ದೂ ಅದೇ ಪಟ್ಟಿನಲ್ಲಿ. ಸೋಲಿನಿಂದ ಅವಮಾನವನ್ನು ಬೇರ್ಪಡಿಸಿ, ಉಳಿದದ್ದನ್ನು ಪಾಠವಾಗಿಸಿ, ಮಕ್ಕಳ ಕೈಗೆ ಕೊಟ್ಟರು. ದರ್ಜೆ ಎಂಬುದಕ್ಕೆ ನೈತಿಕವಾದ ಅರ್ಥವೊಂದಿದ್ದರೆ ಅದು ಇಂಥ ನಡತೆಯಲ್ಲಿದೆ ಎಂದು ನಾನು ನಂಬುತ್ತೇನೆ.

ದರ್ಜೆಯ ವಿಷಯದಲ್ಲಿ ಸುಳ್ಳು ಹೇಳುವವರು ಎರಡು ಬಗೆ. ಕಲಿಯದೇ ಕರಿ ಬೆಲ್ಟ್ ಕಟ್ಟಿಕೊಂಡು ಶಾಲೆ ತೆರೆಯುವವರು ಒಂದು ಕಡೆ. ಕಲಿತೂ ಮೇಲಿನ ಬೆಲ್ಟ್ ತಪ್ಪಿಸಿಕೊಂಡು, ಕೆಳಗಿನ ದರ್ಜೆಯ ಪಂದ್ಯಗಳಲ್ಲಿ ಎಳೆಯರನ್ನು ಸೋಲಿಸಿ ಪದಕ ಬಾಚುವವರು ಇನ್ನೊಂದು ಕಡೆ. ಮೊದಲನೆಯವರು ಹೆಚ್ಚು ಹೇಳಿಕೊಳ್ಳುತ್ತಾರೆ, ಎರಡನೆಯವರು ಕಡಿಮೆ ಹೇಳಿಕೊಳ್ಳುತ್ತಾರೆ. ಇಬ್ಬರೂ ತಮಗೆ ತಕ್ಕ ಎದುರಾಳಿಯಿಂದ ತಪ್ಪಿಸಿಕೊಳ್ಳುವವರೇ. ಪ್ರಾಮಾಣಿಕ ದರ್ಜೆಯ ಕೆಲಸ ಇದಕ್ಕೆ ತದ್ವಿರುದ್ಧ. ನೀನು ಇಲ್ಲಿಗೆ ಬಂದಿದ್ದೀಯ, ಇನ್ನು ಮೇಲೆ ಇಂಥವರ ಎದುರು ನಿಲ್ಲಬೇಕು ಎಂದು ಅದು ಹೇಳುತ್ತದೆ.

ಇದು ಪಂಜರದ ಹೊರಗಿನ ನಮಗೂ ಸಲ್ಲುವ ಮಾತು. ನಮ್ಮಲ್ಲಿ ಪದವಿ, ಹುದ್ದೆ, ಸರ್ವಿಸಿನ ವರ್ಷ, ತಲೆಯ ಮೇಲಿನ ನರೆ, ಇವೆಲ್ಲ ಬೆಲ್ಟುಗಳೇ. ಇಪ್ಪತ್ತು ವರ್ಷ ಪಾಠ ಮಾಡಿದ ಮೇಷ್ಟರಿಗೆ ಹತ್ತನೇ ಕ್ಲಾಸಿನ ಹುಡುಗಿ ಒಂದು ಲೆಕ್ಕದಲ್ಲಿ ತಪ್ಪು ತೋರಿಸಿದಳು ಎಂದಿಟ್ಟುಕೊಳ್ಳಿ. ಆ ಕ್ಷಣಕ್ಕೆ ಅವರ ಇಪ್ಪತ್ತು ವರ್ಷದಿಂದ ಆ ಲೆಕ್ಕ ಸರಿಯಾಗುವುದಿಲ್ಲ. ತಪ್ಪನ್ನು ಅಳಿಸಿ, ನೀನು ಹೇಳಿದ್ದು ಸರಿ ಕಣಮ್ಮ ಎಂದರೆ ಆ ವರ್ಷಗಳು ಸಾರ್ಥಕ. ಸುಮ್ಮನೆ ಕೂತ್ಕೋ ಎಂದರೆ ಅವು ಬರೀ ಲೆಕ್ಕಕ್ಕುಂಟು. ಆ ಹುಡುಗಿ ಕೂಡ ಒಂದು ತಪ್ಪು ಕಂಡೆನೆಂದು ಇಪ್ಪತ್ತು ವರ್ಷದ ಪಾಠವನ್ನು ಕಡೆಗಣಿಸಬಾರದು. ಅನುಭವವನ್ನು ಗೌರವಿಸುತ್ತಲೇ ಎದುರಿಗಿರುವ ಸತ್ಯಕ್ಕೆ ತಲೆಬಾಗುವುದು ಇಬ್ಬರೂ ಕಲಿಯಬೇಕಾದ ಪಾಠ.

ಹಾಗಾಗಿ, ಮಿಶ್ರ ಸಮರಕಲೆಯಲ್ಲಿ ಬೆಲ್ಟಿಗೆ ಬೆಲೆ ಇದೆಯೇ ಎಂದರೆ, ಇದೆ ಎಂದೇ ನನ್ನ ಉತ್ತರ. ಅಲ್ಲಿಗೆ ಬರುವ ಮೊದಲು ಒಬ್ಬರು ಎಷ್ಟು ವರ್ಷ, ಯಾರ ಬಳಿ, ಎಷ್ಟು ಸೋತು ಕಲಿತರೆಂದು ಅದು ಹೇಳುತ್ತದೆ. ಆ ರಾತ್ರಿ ಏನಾಗುತ್ತದೆ ಎಂದು ಅದು ಹೇಳುವುದಿಲ್ಲ, ಹೇಳುತ್ತೇನೆಂದು ಯಾವ ಒಳ್ಳೆಯ ಗುರುವೂ ಮಾತು ಕೊಟ್ಟಿಲ್ಲ. ಕರಿ ಬೆಲ್ಟಿನವರು ಸೋತರೆ ನಾವು ನೋಡಬೇಕಾದ್ದು ಅವರ ಸೊಂಟವನ್ನಲ್ಲ, ಮರುದಿನ ಅವರು ಎಲ್ಲಿಗೆ ಹೋಗುತ್ತಾರೆ ಎಂಬುದನ್ನು. ತಮ್ಮನ್ನು ಸೋಲಿಸಿದ ಪಟ್ಟನ್ನು ಕಲಿಯಲು ಮತ್ತೆ ಶಾಲೆಗೆ ಹೋದರೆ ಆ ಬೆಲ್ಟಿಗೆ ಅವರು ತಕ್ಕವರು. ಯಾರದೇ ದರ್ಜೆಯನ್ನು ಅಳೆಯಬೇಕಾಗಿ ಬಂದಾಗ, ಮೊದಲು ನಮ್ಮದನ್ನೇ, ನಾವು ಕೇಳಿಕೊಳ್ಳಬೇಕಾದ್ದು ಇಷ್ಟು: ಇದು ಸಿಕ್ಕ ಮೇಲೆ ನಾನು ಯಾರಿಂದ ಕಲಿತೆ, ಯಾರೆದುರು ಸೋಲೊಪ್ಪಿದೆ? ಉತ್ತರದಲ್ಲಿ ಒಂದಾದರೂ ಹೆಸರಿದ್ದರೆ ಆ ದರ್ಜೆ ಇನ್ನೂ ಜೀವಂತವಾಗಿದೆ.